ಹಳ್ಳವಿಲ್ಲದ ಬೆಟ್ಟ: ಒಮಾನಿನ ಜಬಲ್ ಶಮ್ಸ್ ಹತ್ತಿಳಿಯಲು ಒಂದು ದಿನ ಸಾಕೇ?

ಸಾಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ನಾನು ಮತ್ತು ನನ್ನ ಮನೆಯವರು ಮಸ್ಕತ್‌ನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಮೂರು ವಾರದ ಮಟ್ಟಿಗೆ ಹೋಗುವವರಿದ್ದೇವೆ. ಅದರಲ್ಲಿ ಒಂದು ದಿನವನ್ನು ಒಮಾನಿನ ಅತಿ ಎತ್ತರದ ಬೆಟ್ಟವಾದ ಜಬಲ್ ಶಮ್ಸ್‌ಗೆ ಮೀಸಲಿಡಬೇಕೆಂದು ಮಗನೊಡನೆ ಮಾತಾಗಿದೆ. ಹೆಸರಿನ ಅರ್ಥ ಸೂರ್ಯನ ಬೆಟ್ಟ. ಸುತ್ತಲಿನ ಬೆಟ್ಟಗಳಿಗಿಂತ ಮೊದಲು ಬಿಸಿಲು ಮುಟ್ಟುವುದು ಅದನ್ನೇ ಎಂಬ ಕಾರಣಕ್ಕೆ ಆ ಹೆಸರಂತೆ. ತುತ್ತತುದಿಯಲ್ಲಿ ಸೇನೆಯ ನೆಲೆ ಇರುವುದರಿಂದ ಅಲ್ಲಿಗೆ ಪ್ರವೇಶವಿಲ್ಲ. ಚಾರಣಿಗರು ಹೋಗುವುದು 2,997 ಮೀಟರ್ ಎತ್ತರದ ದಕ್ಷಿಣ ಶಿಖರಕ್ಕೆ. ಡಬ್ಲ್ಯೂ4 ಎಂದು ಗುರುತಿಸಿರುವ ಆ ದಾರಿ ಹೋಗಿಬರಲು ಸುಮಾರು 20 ಕಿ.ಮೀ. ಆಗುತ್ತದೆ, ಏರು ಸಾವಿರ ಮೀಟರಿಗೂ ತುಸು ಹೆಚ್ಚು.

ನನಗೆ 54 ವರ್ಷ, ಮನೆಯವರಿಗೆ 49. ಕೊಡಚಾದ್ರಿಗೆ ಎಷ್ಟು ಸಲ ಹೋಗಿದ್ದೇವೆಂಬ ಲೆಕ್ಕವನ್ನು ಇಟ್ಟಿಲ್ಲ. ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಎರಡು ಸಲ ಹತ್ತಿದ್ದೇವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರದಂತೆ ಐದು ಕಿ.ಮೀ.ಗೆ ಒಂದು ಗಂಟೆ, ಏರಿನ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ ಎಂದು ಲೆಕ್ಕ ಹಾಕಿದರೆ ಆರು ಗಂಟೆಯೊಳಗೆ ಮುಗಿಯಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಮರಳಿದರೆ, ಸಂಜೆಯೊಳಗೆ ಕಣಿವೆಯ ಅಂಚಿನಲ್ಲಿ ಪಾಳುಬಿದ್ದ ಹಳ್ಳಿಗೆ ಹೋಗುವ ಇನ್ನೊಂದು ದಾರಿಯನ್ನೂ ನಡೆದುಬಿಡಬಹುದೆಂದು ಯೋಚಿಸಿದ್ದೇನೆ. ತಲೆಗೆ ಎರಡು ಲೀಟರ್ ನೀರು, ಬುತ್ತಿಗೆ ಅವಲಕ್ಕಿ ಮತ್ತು ಚಪಾತಿ. ಈ ಯೋಜನೆಯಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ.

ನಿಜ್ವಾದಲ್ಲಿದ್ದವನು:

ಮೇಷ್ಟ್ರೇ, ನನ್ನೂರು ಕೊಪ್ಪ. ಹನ್ನೊಂದು ವರ್ಷ ಒಮಾನಿನ ನಿಜ್ವಾ ಪಟ್ಟಣದಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು. ಆ ಬೆಟ್ಟವನ್ನು ನಾಲ್ಕು ಸಲ ಹತ್ತಲು ಹೊರಟು ಮೂರು ಸಲ ತುದಿ ಮುಟ್ಟಿದ್ದೇನೆ. ಮುಟ್ಟದೆ ತಿರುಗಿ ಬಂದದ್ದು ಮೊದಲನೆಯ ಸಲ. ಅಂದು ನನ್ನ ಯೋಜನೆಯೂ ನಿಮ್ಮದರಂತೆಯೇ ಇತ್ತು. ಎರಡು ಲೀಟರ್ ನೀರು, ಎಂಟು ಗಂಟೆಗೆ ಹೊರಡುವುದು. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಮಲೆನಾಡಿನಲ್ಲಿ ಬೆಳೆದವರಿಗೆ ನೀರಿನ ವಿಷಯದಲ್ಲಿ ಒಂದು ನಂಬಿಕೆ ನಮಗೇ ತಿಳಿಯದಂತೆ ಮೈಗೂಡಿರುತ್ತದೆ. ಗುಡ್ಡ ಹತ್ತುವಾಗ ಬಾಟಲಿ ಖಾಲಿಯಾದರೆ ನಾವು ಗಾಬರಿಯಾಗುವುದಿಲ್ಲ, ಏಕೆಂದರೆ ಕಿವಿಗೆ ಎಲ್ಲಿಂದಲೋ ಒಂದು ಹಳ್ಳದ ಸದ್ದು ಬೀಳುತ್ತಲೇ ಇರುತ್ತದೆ. ಕಾನಿನ ಅಂಚಿಗೆ ಇಳಿದರೆ ನೀರು ಸಿಗುತ್ತದೆ, ಇನ್ನೂ ಕೆಳಗೆ ಹೋದರೆ ಯಾರದೋ ಮನೆಯ ಹಿತ್ತಿಲಿಗೆ ಅಬ್ಬಿಯಿಂದ ಬಂದ ಅಡಿಕೆ ದಬ್ಬೆಯಲ್ಲಿ ನೀರು ಸುರಿಯುತ್ತಿರುತ್ತದೆ. ಜಬಲ್ ಶಮ್ಸ್‌ನ ದಾರಿಯಲ್ಲಿ ವಾಹನ ನಿಲ್ಲಿಸಿದ ಜಾಗದಿಂದ ತುದಿಯವರೆಗೆ ನೀವು ನೆಚ್ಚಿಕೊಳ್ಳಬಹುದಾದ ಒಂದೇ ಒಂದು ನೀರಿನ ತಾಣವಿಲ್ಲ. ಸುಣ್ಣಕಲ್ಲಿನ ಬೆಟ್ಟವಾದ್ದರಿಂದ ಬಿದ್ದ ಅಲ್ಪಸ್ವಲ್ಪ ಮಳೆಯೂ ಬಿರುಕುಗಳಲ್ಲಿ ಇಂಗಿ ಎಷ್ಟೋ ಕೆಳಗೆ, ಊರುಗಳ ಬಳಿ ಮೇಲೆ ಬರುತ್ತದೆ. ಆ ನೀರನ್ನು ಕಾಲುವೆಯಲ್ಲಿ ತೋಟಕ್ಕೆ ತರುವ ಫಲಜ್ ಎಂಬ ವ್ಯವಸ್ಥೆ ಒಮಾನಿನಲ್ಲಿ ಬಹಳ ಹಳೆಯದು. 2006ರಲ್ಲಿ ಯುನೆಸ್ಕೋ ಅಂಥ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಿಂದಿರುಗುವಾಗ ಅಲ್ ಹಮ್ರಾ ಬಳಿಯ ಮಿಸ್ಫಾ ಹಳ್ಳಿಯಲ್ಲಿ ಖರ್ಜೂರದ ತೋಟಗಳ ನಡುವೆ ಹರಿಯುವ ಆ ಕಾಲುವೆಯನ್ನು ಖಂಡಿತ ನೋಡಿ, ಅಡಿಕೆ ತೋಟದವರ ಕಣ್ಣಿಗೆ ಅದು ತುಂಬಾ ಹತ್ತಿರದ್ದಾಗಿ ಕಾಣುತ್ತದೆ. ಆದರೆ ಬೆಟ್ಟದ ಮೇಲೆ ನಿಮ್ಮ ಬೆನ್ನಿನಲ್ಲಿರುವುದಷ್ಟೇ ನೀರು.

ಅಂದು ನನಗಾದದ್ದನ್ನು ಹೇಳುತ್ತೇನೆ. ಹತ್ತೂವರೆಯವರೆಗೂ ನನಗೆ ಬೆವರೇ ಬಂದಂತೆ ಅನ್ನಿಸಲಿಲ್ಲ. ಅಂಗಿ ಒಣಗಿಯೇ ಇತ್ತು, ಗಾಳಿ ತಂಪಾಗಿತ್ತು, ಇಷ್ಟು ಹಗುರವಾಗಿ ಕೊಡಚಾದ್ರಿಯನ್ನು ಎಂದೂ ಹತ್ತಿಲ್ಲವೆಂದುಕೊಂಡೆ. ಕುಳಿತು ಬೆನ್ನುಚೀಲ ಕಳಚಿದಾಗ ಹಿಂದೆ ಬರುತ್ತಿದ್ದ ಗೆಳೆಯ ನನ್ನ ಬೆನ್ನನ್ನು ತೋರಿಸಿದ. ಕಡುನೀಲಿ ಅಂಗಿಯ ಮೇಲೆ ಚೀಲದ ಪಟ್ಟಿಯ ಗುರುತಿನುದ್ದಕ್ಕೂ ಬಿಳಿಯ ಉಪ್ಪು ಗೆರೆ ಎಳೆದಂತೆ ಕೂತಿತ್ತು. ನಮ್ಮಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ತೊಯ್ಯುತ್ತದೆ, ಆಗ ನಮಗೆ ಕುಡಿಯಬೇಕೆಂದು ತಿಳಿಯುತ್ತದೆ. ಅಲ್ಲಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಹನ್ನೊಂದೂವರೆಗೆ ನನ್ನ ನೀರು ಮುಗಿಯಿತು, ತುದಿ ಕಣ್ಣಿಗೆ ಕಾಣುತ್ತಿತ್ತು, ಅಲ್ಲಿಂದಲೇ ತಿರುಗಿದೆವು. ಇಳಿಯಲು ತೆಗೆದುಕೊಂಡ ನಾಲ್ಕು ಗಂಟೆಯನ್ನು ಇಂದಿಗೂ ಮರೆತಿಲ್ಲ.

ಇನ್ನು ಹೊತ್ತಿನ ವಿಷಯ. ನೇಸ್ಮಿತ್ ಸೂತ್ರ ಒಳ್ಳೆಯ ದಾರಿಯಲ್ಲಿ ನಿಲ್ಲದೆ ನಡೆಯುವವರದ್ದು. ಇಲ್ಲಿ ಕಾಲಿಟ್ಟರೆ ಅಲುಗುವ ಕಲ್ಲು, ಮಳೆ ಕೊರೆದು ಕತ್ತಿಯ ಅಂಚಿನಂತಾದ ಸುಣ್ಣಕಲ್ಲಿನ ಹಾಸು, ಜೊತೆಗೆ ಗಳಿಸಿದ ಎತ್ತರವನ್ನು ನಡುವೆ ಸ್ವಲ್ಪ ಕಳೆದುಕೊಂಡು ಮತ್ತೆ ಏರಬೇಕಾದ ಕಡೆಗಳಿವೆ. ಸಾಧಾರಣ ಚಾರಣಿಗರು ಒಂಬತ್ತರಿಂದ ಹನ್ನೆರಡು ಗಂಟೆ ತೆಗೆದುಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಆರೂ ಮುಕ್ಕಾಲಿನ ಸುಮಾರಿಗೆ, ಸೂರ್ಯ ಮುಳುಗುವುದು ಸಂಜೆ ಐದೂವರೆಯೊಳಗೆ. ಎಂಟಕ್ಕೆ ಹೊರಟರೆ ಕತ್ತಲಲ್ಲಿ ಇಳಿಯುವುದು ಬಹುತೇಕ ಖಚಿತ. ಹಿಂದಿನ ರಾತ್ರಿ ಮೇಲಿನ ಬಯಲಿನಲ್ಲೇ ತಂಗಿ, ಐದೂವರೆಗೆ ಹಣೆದೀಪ ಹಾಕಿಕೊಂಡು ಹೊರಡಿ. ಕಣಿವೆಯ ಅಂಚಿನ ಹಳ್ಳಿಯ ದಾರಿ ಬಹಳ ಚೆಂದದ್ದು, ಅದಕ್ಕೆ ಮಾರನೆಯ ದಿನವನ್ನು ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಶಿವಮೊಗ್ಗದ ವೈದ್ಯೆ:

ಮೇಲಿನವರು ಹೇಳಿದ ಉಪ್ಪಿನ ಗೆರೆಯ ಮಾತನ್ನು ವೈದ್ಯಕೀಯವಾಗಿ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ನೀರು ಹೆಚ್ಚು ಕುಡಿಯಿರಿ ಎಂಬ ಅರ್ಧ ಸಲಹೆಯಿಂದಲೂ ಜನ ಅಪಾಯಕ್ಕೆ ಸಿಲುಕುತ್ತಾರೆ. ಬೆವರಿನೊಡನೆ ಸೋಡಿಯಂ ಕೂಡ ಹೋಗುತ್ತದೆ. ಹೋದ ಉಪ್ಪನ್ನು ತುಂಬದೆ ಗಂಟೆಗಟ್ಟಲೆ ಬರೀ ನೀರನ್ನೇ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗಬಹುದು. ನೋಡುವವರಿಗೆ ಅದು ಬಾಯಾರಿಕೆಯ ಬಳಲಿಕೆಯಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಇನ್ನಷ್ಟು ಕೆಡುತ್ತದೆ. ಆದ್ದರಿಂದ ಒಬ್ಬರಿಗೆ ಐದು ಲೀಟರ್ ನೀರು ಎಂದಿಟ್ಟುಕೊಂಡರೆ ಅದರಲ್ಲಿ ಎರಡು ಲೀಟರಿಗೆ ಓಆರ್‌ಎಸ್ ಪೊಟ್ಟಣ ಬೆರೆಸಿ. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಬೆರೆಸಬೇಕು, ರುಚಿ ನೋಡಿ ಕಡಿಮೆ ಹೆಚ್ಚು ಮಾಡಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮಮಾಡಿ ಅಳೆಯಿರಿ. ಸಾಗರದವರಿಗೆ ಮುರುಗಲ ಹಣ್ಣಿನ ಪಾನಕ ಮನೆಯಲ್ಲೇ ಇರುತ್ತದೆ. ಉಪ್ಪು ಹಾಕಿಕೊಂಡು ಅದನ್ನೂ ಒಯ್ಯಬಹುದು, ಬಾಯಿ ಒಣಗಿದಾಗ ಅದರ ಹುಳಿ ಕುಡಿಯುವ ಮನಸ್ಸು ಬರಿಸುತ್ತದೆ. ಗಟಗಟನೆ ಅರ್ಧ ಲೀಟರ್ ಸುರಿದುಕೊಳ್ಳುವುದಕ್ಕಿಂತ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು ಒಳ್ಳೆಯದು.

ಎತ್ತರದ ಬಗೆಗೂ ಒಂದು ಮಾತು. ಮೂರು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 70 ಪ್ರತಿಶತ ಮಾತ್ರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮುಟ್ಟುವುದಿಲ್ಲ, ಹಾಗಾಗಿ ಈ ಅನುಭವ ನಿಮಗೆ ಹೊಸದು. ಮಸ್ಕತ್‌ನ ಕಡಲತೀರದಿಂದ ಅದೇ ದಿನ ಹೊರಟು ಹತ್ತುವುದಕ್ಕಿಂತ, ಹಿಂದಿನ ರಾತ್ರಿ ಸುಮಾರು ಎರಡು ಸಾವಿರ ಮೀಟರಿನಲ್ಲಿರುವ ಆ ಬಯಲಿನಲ್ಲಿ ಮಲಗಿ ಹೊರಡುವುದರಿಂದ ದೇಹಕ್ಕೂ ಅನುಕೂಲ. ತಲೆನೋವಿನ ಜೊತೆಗೆ ವಾಂತಿಯೋ ನಡಿಗೆಯಲ್ಲಿ ತಡವರಿಕೆಯೋ ಕಂಡರೆ, ಕಾರಣ ಉಪ್ಪೋ ಬಿಸಿಲೋ ಎತ್ತರವೋ ಎಂದು ಚರ್ಚಿಸುತ್ತ ಕೂರದೆ ಕೆಳಗಿಳಿಯಿರಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಾದರೆ, ಕೆಲವು ಮಾತ್ರೆಗಳು ಮೂತ್ರದ ಮೂಲಕ ನೀರು ಮತ್ತು ಉಪ್ಪನ್ನು ಹೊರಹಾಕುವಂಥವಾಗಿರುತ್ತವೆ. ಹೊರಡುವ ಮೊದಲು ನಿಮ್ಮ ವೈದ್ಯರಲ್ಲಿ ಈ ಚಾರಣದ ವಿಷಯವನ್ನು ಹೇಳಿಯೇ ಹೋಗಿ.

ಹೊಸನಗರದ ಚಾರಣಿಗ:

ನಾನು ಒಮಾನ್ ನೋಡಿಲ್ಲ, ಆದರೆ ಇಲ್ಲಿ ಹೇಗೆ ತಯಾರಾಗಬೇಕೆಂಬುದನ್ನು ಹೇಳಬಲ್ಲೆ. ಮೇಷ್ಟ್ರೇ, ಕೊಡಚಾದ್ರಿಗೆ ನಡೆದು ಹತ್ತಿ, ಸುಸ್ತಾಯಿತೆಂದು ಜೀಪಿನಲ್ಲಿ ಇಳಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಈ ತಯಾರಿಗೆ ಅದನ್ನು ತಿರುಗಿಸಿಕೊಳ್ಳಿ. ಬೇಕಿದ್ದರೆ ಹತ್ತಲು ಜೀಪು ಹಿಡಿಯಿರಿ, ಇಳಿಯಲು ಮಾತ್ರ ಹಿಡಿಯಬೇಡಿ. ಏರುವಾಗ ದಣಿಯುವುದು ಉಸಿರು, ಅದು ಐದು ನಿಮಿಷ ನಿಂತರೆ ಮರಳುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಎಳೆತದಲ್ಲೇ ಭಾರ ಹೊರುತ್ತದೆ, ಅದು ಸೋತರೆ ಮೊಣಕಾಲು ನಡುಗಲು ತೊಡಗಿ ಕಾಲು ಎಡವುತ್ತದೆ, ಎಷ್ಟು ಹೊತ್ತು ಕೂತರೂ ಆ ದಿನ ಸರಿಹೋಗುವುದಿಲ್ಲ. ಆ ಸ್ನಾಯುವನ್ನು ಪಳಗಿಸಲು ಇಳಿಜಾರಿನಲ್ಲಿ ಇಳಿಯುವುದರಷ್ಟು ಒಳ್ಳೆಯ ಉಪಾಯ ಬೇರೊಂದಿಲ್ಲ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಕೂಡಲೇ ಶುರುಮಾಡಿ ವಾರಕ್ಕೊಂದು ಸಲ ಇಳಿಯಿರಿ, ಬೆನ್ನಿನ ಮೇಲೆ ಆರೇಳು ಕಿಲೋ ಭಾರವಿರಲಿ.

ನೀರಿನ ಭಾರದ ಬಗ್ಗೆ ನನ್ನದೊಂದು ಸಲಹೆಯಿದೆ. ಹೋದ ದಾರಿಯಲ್ಲೇ ಮರಳುವುದಾದರೆ ಐದು ಲೀಟರನ್ನೂ ತುದಿಯವರೆಗೆ ಏಕೆ ಹೊರಬೇಕು? ಅರ್ಧ ದಾರಿಯಲ್ಲಿ ಒಂದೂವರೆ ಲೀಟರನ್ನು ಕಲ್ಲಿನ ಮರೆಯಲ್ಲಿಟ್ಟು ಹೋದರೆ ಇಳಿಯುವಾಗ ಸಿಗುತ್ತದಲ್ಲವೇ? ಕುಮಾರಪರ್ವತದಲ್ಲಿ ನಾವು ಹೀಗೆ ಮಾಡಿದ್ದುಂಟು.

ನಿಜ್ವಾದಲ್ಲಿದ್ದವನು:

ಹೊಸನಗರದವರೇ, ಇಳಿಯುವ ಅಭ್ಯಾಸದ ಮಾತು ಬಂಗಾರದಂಥದ್ದು. ನೀರು ಬಚ್ಚಿಡುವ ವಿಷಯದಲ್ಲಿ ಮಾತ್ರ ಪೂರ್ಣ ಒಪ್ಪಿಗೆ ಕೊಡಲಾರೆ. ದಾರಿಯನ್ನು ಹಳದಿ, ಬಿಳಿ, ಕೆಂಪು ಪಟ್ಟಿಗಳ ಬಣ್ಣದ ಗುರುತಿನಿಂದ ಕಲ್ಲುಗಳ ಮೇಲೆ ತೋರಿಸಿದ್ದಾರೆ. ಕಾನು, ಬ್ಯಾಣ, ಹಾಡಿ ಎಂದು ನಾವು ಜಾಗವನ್ನು ನೆನಪಿಟ್ಟುಕೊಳ್ಳುವಂತೆ ಅಲ್ಲಿ ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಅಲ್ಲೊಂದು ಇಲ್ಲೊಂದು ಜುನಿಪರ್ ಮರ ಬಿಟ್ಟರೆ ಎಲ್ಲ ಕಲ್ಲೂ ಒಂದೇ ಬೂದು ಬಣ್ಣ, ಹತ್ತುವಾಗ ನೋಡಿದ ಬಂಡೆ ಇಳಿಯುವಾಗ ಬೇರೆಯೇ ಆಗಿ ಕಾಣುತ್ತದೆ. ಜೊತೆಗೆ ಮೇಕೆಗಳಿವೆ, ಚೀಲವನ್ನು ನೆಲದ ಮೇಲಿಟ್ಟು ಕಣ್ಣು ತಪ್ಪಿಸಿದರೆ ಬಾಯಿ ಹಾಕುತ್ತವೆ. ಇಡಲೇಬೇಕಾದರೆ ಬಣ್ಣದ ಗುರುತಿರುವ ಕಲ್ಲಿನ ಬುಡದಲ್ಲೇ ಇಟ್ಟು, ಮೊಬೈಲಿನಲ್ಲಿ ಜಾಗವನ್ನು ಗುರುತು ಮಾಡಿ, ಎರಡೂ ದಿಕ್ಕಿನಿಂದ ಫೋಟೋ ತೆಗೆದುಕೊಳ್ಳಿ. ಅದು ಸಿಗದಿದ್ದರೂ ಕೆಳಗೆ ಮುಟ್ಟುವಷ್ಟು ನೀರು ಕೈಯಲ್ಲಿರಬೇಕು. ಖಾಲಿ ಬಾಟಲಿಯನ್ನು ಅಲ್ಲೇ ಬಿಟ್ಟು ಬರಬಾರದೆಂದು ನಿಮಗೆ ಹೇಳಬೇಕಿಲ್ಲ.

ತೀರ್ಥಹಳ್ಳಿಯ ಅಕ್ಕ:

ಮೇಷ್ಟ್ರ ಮನೆಯವರೂ ಹೋಗುವುದರಿಂದ, ಈವರೆಗೆ ಯಾರೂ ಎತ್ತದ ವಿಷಯವನ್ನು ನಾನು ಎತ್ತುತ್ತೇನೆ. ದುಬೈಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ರಾಸ್ ಅಲ್ ಖೈಮಾದ ಬೋಳು ಬೆಟ್ಟಗಳಲ್ಲಿ ಒಂದು ದಿನ ನಡೆದಿದ್ದೆ. ನಮ್ಮ ಗುಂಪಿನಲ್ಲಿ ನಾವು ಮೂವರು ಹೆಂಗಸರೂ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆವು. ಕಾರಣ ಬೇರೇನಲ್ಲ, ಮರೆಗೆ ಹೋಗಲು ಅಲ್ಲಿ ಒಂದು ಪೊದೆಯೂ ಇರಲಿಲ್ಲ. ಬಾಟಲಿಯಲ್ಲಿ ನೀರಿದ್ದೂ ಕುಡಿಯದೆ ನಡೆದು, ಮಧ್ಯಾಹ್ನಕ್ಕೆ ನನಗೆ ತಲೆ ಸುತ್ತಿ ಕಣ್ಣು ಕತ್ತಲಿಟ್ಟಿತು, ಇಡೀ ಗುಂಪು ತಿರುಗಿ ಬರಬೇಕಾಯಿತು. ಹೇಳಿಕೊಳ್ಳಲು ಸಂಕೋಚಪಟ್ಟ ಒಂದು ಸಣ್ಣ ವಿಷಯದಿಂದ ಅಷ್ಟಾಯಿತು.

ಆದ್ದರಿಂದ ಹೊರಡುವ ಮೊದಲೇ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಒಂದು ತೆಳ್ಳನೆಯ ಪಂಚೆ ಅಥವಾ ಹಳೆಯ ಸೀರೆಯ ತುಂಡು ಜೊತೆಗಿರಲಿ, ಇಬ್ಬರು ಹಿಡಿದು ನಿಂತರೆ ಮರೆಯಾಗುತ್ತದೆ. ಬಿಸಿಲಿಗೆ ಹೊದೆಯಲೂ ಅದೇ ಆಗುತ್ತದೆ. ಬಳಸಿದ ಕಾಗದವನ್ನು ಒಯ್ಯಲು ಗಂಟು ಕಟ್ಟುವ ಚೀಲ ಬೇಕು, ಏಕೆಂದರೆ ಆ ಒಣನೆಲದಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಇನ್ನೊಂದು ಮಾತು, ಪ್ರತಿಯೊಬ್ಬರ ನೀರೂ ಬುತ್ತಿಯೂ ಅವರವರ ಬೆನ್ನಿನಲ್ಲೇ ಇರಲಿ. ಗಂಡಸರು ಹೊರುತ್ತಾರೆಂದು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ, ಆ ಚೀಲ ಮುಂದೆ ಹೋದಾಗ ಹಿಂದಿನವರು ಬಾಯಾರಿದರೂ ಕೇಳುವುದಿಲ್ಲ. ತಿರುಗುವ ಹೊತ್ತನ್ನು ಮೇಷ್ಟ್ರು ಒಬ್ಬರೇ ನಿರ್ಧರಿಸದೆ, ಗುಂಪಿನಲ್ಲಿ ಯಾರು ಸಾಕೆಂದರೂ ಎಲ್ಲರೂ ತಿರುಗುವುದೆಂದು ಇಲ್ಲೇ, ಮನೆಯಲ್ಲೇ ಒಪ್ಪಂದ ಮಾಡಿಕೊಂಡು ಹೋಗಿ.

ಸಾಗರದ ಮೇಷ್ಟ್ರು:

ನಿಮ್ಮೆಲ್ಲರ ಬರಹವನ್ನು ನಿನ್ನೆ ರಾತ್ರಿ ಮನೆಯವರಿಗೆ ಓದಿ ಹೇಳಿದೆ. ತೀರ್ಥಹಳ್ಳಿಯ ಅಕ್ಕನವರ ಮಾತು ಬಂದಾಗ ಅವರು ಕೆಲಸ ನಿಲ್ಲಿಸಿ ಬಂದು ಕುಳಿತರು. ಕುಮಾರಪರ್ವತದಲ್ಲಿ ಎರಡು ಸಲವೂ ತಾನು ಹಾಗೆಯೇ ನೀರು ಬಿಟ್ಟಿದ್ದೆನೆಂದು ಅವರು ಹೇಳಿದ್ದು ನನಗೆ ನಿನ್ನೆಯೇ ತಿಳಿದದ್ದು. ಇಪ್ಪತ್ತೈದು ವರ್ಷ ಜೊತೆಯಲ್ಲಿ ಗುಡ್ಡ ಹತ್ತಿಯೂ ನಾನು ಅದನ್ನು ಕೇಳಿರಲಿಲ್ಲವೆಂದು ಮನಸ್ಸಿಗೆ ನೋವಾಯಿತು. ಅಕ್ಕ, ನಿಮಗೆ ಇಬ್ಬರ ಪರವಾಗಿಯೂ ಕೃತಜ್ಞತೆಗಳು.

ಯೋಜನೆ ಈಗ ಬದಲಾಗಿದೆ. ಮಸ್ಕತ್‌ನಿಂದ ಹಿಂದಿನ ದಿನವೇ ಹೊರಟು, ನಿಜ್ವಾದಲ್ಲಿಯೋ ಅಲ್ ಹಮ್ರಾದಲ್ಲಿಯೋ ತಲೆಗೆ ಐದು ಲೀಟರ್ ಕೊಂಡು, ರಾತ್ರಿ ಅಡುಗೆಗೂ ಮಾರನೆಯ ದಿನಕ್ಕೂ ಪ್ರತ್ಯೇಕವಾಗಿ ಗಾಡಿಯಲ್ಲಿ ಇಟ್ಟುಕೊಳ್ಳುತ್ತೇವೆ. ಐದೂವರೆಗೆ ಹೊರಡುವುದು, ಎಲ್ಲಿಯೇ ಇರಲಿ, ಹನ್ನೊಂದೂವರೆಗೆ ತಿರುಗುವುದು. ತುದಿ ಎದುರಿಗೇ ಕಂಡರೂ ಹೊತ್ತನ್ನು ಮುಂದೂಡುವುದಿಲ್ಲವೆಂದು ಮಗನಿಂದಲೂ ಮಾತು ತೆಗೆದುಕೊಂಡಿದ್ದೇನೆ, ಏಕೆಂದರೆ ಹಟ ಹಿಡಿಯುವವನು ಅವನೇ. ಕಣಿವೆಯ ಹಳ್ಳಿಯ ದಾರಿ ಮಾರನೆಯ ದಿನಕ್ಕೆ, ಅದೂ ಕಾಲು ಒಪ್ಪಿದರೆ. ಎರಡು ಪ್ರಶ್ನೆ ಉಳಿದಿವೆ. ಚಳಿ ಎಷ್ಟಿರುತ್ತದೆ? ಮತ್ತು ಮೋಡ ಕವಿದರೆ ಏನು ಮಾಡಬೇಕು? ನಮಗಂತೂ ಮೋಡದೊಳಗೆ ನಡೆಯುವುದು ರೂಢಿಯಲ್ಲಿದೆ.

ನಿಜ್ವಾದಲ್ಲಿದ್ದವನು:

ಮೋಡದ ವಿಷಯದಲ್ಲಿ ಆ ರೂಢಿಯನ್ನು ಇಲ್ಲೇ ಬಿಟ್ಟು ಹೋಗಿ, ಮೇಷ್ಟ್ರೇ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ನೆಲ, ಬೇರು, ಹಳ್ಳ ಎಲ್ಲವೂ ಆ ನೀರಿಗೆ ಒಗ್ಗಿಕೊಂಡಿವೆ. ಮಸ್ಕತ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು ನೂರು ಮಿ.ಮೀ.; ಅಲ್ಲಿಯ ಬೋಳು ಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೆಟ್ಟದ ಮೇಲೆ ಒಂದು ಗಂಟೆ ಜೋರಾಗಿ ಹೊಯ್ದರೆ, ಹನಿಯೂ ಬೀಳದ ಕೆಳಗಿನ ವಾದಿಯಲ್ಲಿ, ಎಂದರೆ ಒಣಗಿದ ಹೊಳೆಯ ಪಾತ್ರದಲ್ಲಿ, ಪ್ರವಾಹ ಗೋಡೆಯಂತೆ ಬರುತ್ತದೆ. ಚಳಿಗಾಲದಲ್ಲಿಯೇ ಅಲ್ಲಿ ಇಂಥ ಮಳೆ ಬರುವುದುಂಟು. ಹವಾಮಾನ ಮುನ್ಸೂಚನೆಯಲ್ಲಿ ಮಳೆಯಿದ್ದರೆ ದಿನ ಬದಲಿಸಿ. ಹತ್ತುವಾಗ ಮೋಡ ಕಟ್ಟಿದರೆ ತಿರುಗಿ ಇಳಿಯಿರಿ; ಇಳಿದು ಬಂದ ಮೇಲೆ ನೀರು ಹರಿಯುತ್ತಿರುವ ವಾದಿಯನ್ನು ಗಾಡಿಯಲ್ಲಿ ದಾಟುವ ಸಾಹಸಕ್ಕೆ ಕೈಹಾಕಬೇಡಿ, ಹರಿವು ಇಳಿಯುವವರೆಗೆ ಕಾಯಿರಿ. ಮೋಡ ಸವರಿ ಹೋದರೂ ಬಣ್ಣದ ಗುರುತು ಕಾಣದಾಗುತ್ತದೆ. ಹಿಂದಿನ ಗುರುತಿನ ಬಳಿ ಒಬ್ಬರು ನಿಂತು, ಮುಂದಿನದು ಸಿಕ್ಕಿತೆಂದು ಕೂಗಿ ಹೇಳಿದ ಮೇಲೆಯೇ ಅಲ್ಲಿಂದ ಕದಲಬೇಕು. ತುರ್ತು ಸಹಾಯಕ್ಕೆ ಒಮಾನಿನ ಸಂಖ್ಯೆ 9999.

ಚಳಿ ನೀವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಮರುಭೂಮಿಯ ನಾಡೆಂದು ಒಂದು ತೆಳು ಸ್ವೆಟರ್ ತಂದು ಬಯಲಿನಲ್ಲಿ ರಾತ್ರಿಯಿಡೀ ನಡುಗಿದವರನ್ನು ಕಂಡಿದ್ದೇನೆ. ಡಿಸೆಂಬರಿನ ಬೆಳಗಿನ ಜಾವ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯಬಹುದು, ತುದಿಯಲ್ಲಿ ಕೆಲವು ವರ್ಷ ಹಿಮವೂ ಬಿದ್ದಿದೆ. ಉಣ್ಣೆಯ ಟೊಪ್ಪಿ, ಕೈಗವಸು, ಗಾಳಿ ತಡೆಯುವ ಒಂದು ಮೇಲಂಗಿ ಬೇಕು. ಹತ್ತು ಗಂಟೆಗೆ ಅದೇ ಜಾಗದಲ್ಲಿ ಬಿಸಿಲು ಕಣ್ಣು ಕುಕ್ಕುತ್ತದೆ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ, ಕಪ್ಪು ಕನ್ನಡಕ ಮೂರೂ ಬೇಕಾಗುತ್ತವೆ. ಬೂಟಿನ ಅಟ್ಟೆ ಗಟ್ಟಿಯಾಗಿರಲಿ, ಇಂಬಳಕ್ಕೆಂದು ಹಾಕುವ ನಮ್ಮ ಉದ್ದ ಕಾಲುಚೀಲ ಮಾತ್ರ ಅಲ್ಲಿ ಬೇಕಾಗುವುದಿಲ್ಲ.

ಶಿವಮೊಗ್ಗದ ವೈದ್ಯೆ:

ಬುತ್ತಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಒಣ ಅವಲಕ್ಕಿ, ಚಪಾತಿ ಎರಡೂ ಬಾಯಿಯ ಪಸೆಯನ್ನೇ ಹೀರುತ್ತವೆ, ನುಂಗಲು ಮತ್ತೆ ನೀರು ಬೇಕಾಗುತ್ತದೆ. ಮೊದಲ ಊಟಕ್ಕೆ ನಿಂಬೆಹಣ್ಣು ಹಿಂಡಿದ ಚಿತ್ರಾನ್ನವೋ ಹುಳಿ ಅವಲಕ್ಕಿಯೋ ಇರಲಿ. ಆಮೇಲೆ ಶೇಂಗಾ ಬೆಲ್ಲದ ಉಂಡೆ, ಕಿತ್ತಳೆ, ಅಲ್ಲಿಯದೇ ಖರ್ಜೂರ. ತಿರುಗುವ ಹೊತ್ತಿಗೆ ಅರ್ಧ ಬುತ್ತಿ ಉಳಿದಿರಬೇಕು.

ಸಾಗರದ ಮೇಷ್ಟ್ರು:

ಬರೆದಿಟ್ಟುಕೊಂಡೆ, ಡಾಕ್ಟ್ರೇ. ಅರಣ್ಯ ಇಲಾಖೆಯ ಅನುಮತಿ ಪಡೆದು ಅಕ್ಟೋಬರಿನ ಮೊದಲ ಭಾನುವಾರದಿಂದ ಅಭ್ಯಾಸಕ್ಕೆ ಇಳಿಯುತ್ತೇವೆ. ನಿನ್ನೆ ಸಂಜೆ ಪ್ರಯೋಗಕ್ಕೆಂದು ಐದು ಲೀಟರಿನ ಕ್ಯಾನನ್ನು ತುಂಬಿ ಬೆನ್ನುಚೀಲಕ್ಕೆ ಹಾಕಿ, ತೋಟದ ದರೆಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿದೆ. ನೀರು ಒಳಗೆ ತುಳುಕಿದಾಗಲೆಲ್ಲ ಮೈ ಒಂದು ಕಡೆಗೆ ವಾಲುತ್ತದೆ. ಒಂದೇ ಕ್ಯಾನಿನ ಬದಲು ಒಂದೊಂದು ಲೀಟರಿನ ಐದು ಬಾಟಲಿ ಮಾಡಿಕೊಂಡು, ಎರಡೆರಡನ್ನು ಬೆನ್ನಿಗೆ ಒತ್ತಿ ಇಟ್ಟರೆ ವಾಲುವುದು ನಿಲ್ಲುತ್ತದೆ. ಒಂದು ಸೋರಿದರೂ ನಾಲ್ಕು ಉಳಿಯುತ್ತವೆ. ಮನೆಯವರು ತಮ್ಮ ಐದು ಬಾಟಲಿಗೂ ಕೆಂಪು ದಾರ ಕಟ್ಟಿ ಬೇರೆ ಇಟ್ಟುಕೊಂಡಿದ್ದಾರೆ. ಜನವರಿಯಲ್ಲಿ ಮರಳಿದ ಮೇಲೆ, ತುದಿ ಮುಟ್ಟಿದರೂ ಮುಟ್ಟದಿದ್ದರೂ, ಯಾವ ಗಂಟೆಗೆ ಎಷ್ಟು ನೀರು ಉಳಿದಿತ್ತೆಂಬ ಲೆಕ್ಕವನ್ನು ಇಲ್ಲಿಯೇ ಬರೆಯುತ್ತೇನೆ.